ಗಂಡು ನೊಣವನ್ನು ಕರೆದ ಪರಿಮಳ: ಪೂಸಾದ ಕೀಟತಜ್ಞ ಹೌಲೆಟ್

ಮಾವಿನ ಕಾಯಿ ಬಲಿಯುವ ದಿನಗಳಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಹೋದವರಿಗೆ ತೋಪುಗಳಲ್ಲಿ ಕೊಂಬೆಗೆ ತೂಗುಬಿಟ್ಟ ಪ್ಲಾಸ್ಟಿಕ್ ಡಬ್ಬಿಗಳು ಕಂಡಾವು. ಡಬ್ಬಿಯೊಳಗೆ ಔಷಧದಲ್ಲಿ ನೆನೆಸಿದ ಪುಟ್ಟ ಪ್ಲೈವುಡ್ ತುಂಡು, ತಳದಲ್ಲಿ ಸತ್ತ ನೊಣಗಳ ಪದರ. ಇದಕ್ಕೆ ಮೋಹಕ ಬಲೆ ಎಂದು ಹೆಸರು. ಬಿದ್ದ ನೊಣಗಳನ್ನು ವಿಂಗಡಿಸಿ ನೋಡಿದರೆ ಒಂದು ಸಂಗತಿ ಬೆರಗು ಹುಟ್ಟಿಸುತ್ತದೆ. ಹೆಚ್ಚುಕಡಿಮೆ ಎಲ್ಲವೂ ಗಂಡು.

ಈ ಮರ್ಮ ಮೊದಲು ಬಯಲಾದದ್ದು ಕೋಲಾರದಲ್ಲಲ್ಲ, ಬಿಹಾರದ ಪೂಸಾ ಎಂಬ ಹಳ್ಳಿಯಲ್ಲಿ. ಅದೂ ನೂರು ವರ್ಷಗಳಿಗೂ ಹಿಂದೆ. ಬಯಲು ಮಾಡಿದಾತ ಫ್ರಾಂಕ್ ಮಿಲ್ಬರ್ನ್ ಹೌಲೆಟ್ ಎಂಬ ಆಂಗ್ಲ ಕೀಟತಜ್ಞ. ಜಗತ್ತಿನ ಯಾವ ಮೂಲೆಯಲ್ಲಿ ಹಣ್ಣುನೊಣದ ಸಂಶೋಧನೆ ನಡೆದರೂ ಇಂದಿಗೂ ಆತನ ಹೆಸರು ಪ್ರಸ್ತಾಪವಾಗುತ್ತದೆ. ಆ ಬಲೆಯನ್ನು ಕಟ್ಟುವ ತೋಪುಗಳಲ್ಲಿ ಮಾತ್ರ ಆತ ಅಪರಿಚಿತ.

ಒಳಗೊಳಗೇ ತಿನ್ನುವ ಶತ್ರು

ಹೌಲೆಟ್ ಕೆಲಸದ ಬೆಲೆ ತಿಳಿಯಬೇಕಾದರೆ ಈ ನೊಣದ ಸ್ವಭಾವ ತಿಳಿಯಬೇಕು. ಗಾತ್ರದಲ್ಲಿ ಇದು ಮನೆನೊಣದಷ್ಟೇ. ಬೆನ್ನ ಮೇಲೆ ಹಳದಿ ಗುರುತುಗಳು, ಪಾರದರ್ಶಕ ರೆಕ್ಕೆ. ಹೆಣ್ಣಿನ ಹಿಂತುದಿಯಲ್ಲಿ ಸೂಜಿಯಂಥ ಅಂಗವಿದೆ. ಬಲಿತ ಕಾಯಿಯ ಸಿಪ್ಪೆಗೆ ಅದನ್ನು ಚುಚ್ಚಿ ಮೊಟ್ಟೆಯಿಡುತ್ತದೆ. ಒಂದೆರಡು ದಿನಗಳಲ್ಲಿ ಮರಿಹುಳುಗಳು ಹೊರಬಂದು ತಿರುಳನ್ನು ತಿನ್ನತೊಡಗುತ್ತವೆ. ಮೇಲೆ ಹೊಂಬಣ್ಣ, ಒಳಗೆ ಕೊಳೆತ. ಅತ್ತಿಯ ಹಣ್ಣಿಗೆ ಅಂಟಿಕೊಂಡಿರುವ ಹಳೆಯ ಗಾದೆಯನ್ನು ಮಾವಿಗೂ ಸೀಬೆಗೂ ಅನ್ವಯಿಸುವಂತೆ ಮಾಡುವ ಪ್ರಾಣಿಯಿದು.

ಹುಳು ಹಣ್ಣಿನೊಳಗೆ ಸೇರಿದ ಮೇಲೆ ಹೊರಗಿನ ಸಿಂಪಡಣೆ ಅದನ್ನು ಮುಟ್ಟುವುದು ಕಷ್ಟ. ಹಣ್ಣು ಉದುರುತ್ತದೆ, ಹುಳು ಮಣ್ಣಿಗಿಳಿದು ಕೋಶವಾಗುತ್ತದೆ, ಕೆಲ ದಿನಗಳಲ್ಲಿ ಹೊಸ ನೊಣವಾಗಿ ಮೇಲೇಳುತ್ತದೆ. ಅಂದರೆ ರೈತನಿಗೆ ನೊಣ ಸಿಗಬೇಕಾದದ್ದು ಅದು ಹಾರಾಡುವ ಹಂತದಲ್ಲೇ. ಹಾರಾಡುವ ನೊಣವನ್ನು ಹಿಡಿಯಲು ಅದಕ್ಕೆ ಇಷ್ಟವಾದುದೇನೆಂದು ಗೊತ್ತಿರಬೇಕು. 1912ರವರೆಗೆ ಪೂರ್ವದೇಶಗಳ ಈ ನೊಣಗಳ ವಿಷಯದಲ್ಲಿ ಅದು ಗೊತ್ತಿರಲಿಲ್ಲ.

ನಾರ್ಫೋಕ್‌ನಿಂದ ಪೂಸಾಕ್ಕೆ

ಹೌಲೆಟ್ ಹುಟ್ಟಿದ್ದು 1877ರಲ್ಲಿ, ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ವಿಂಡಮ್ ಎಂಬ ಊರಿನಲ್ಲಿ. ಕೇಂಬ್ರಿಜ್‌ನಲ್ಲಿ ವ್ಯಾಸಂಗ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಭಾರತಕ್ಕೆ ಬಂದ ಆತ 1907ರಲ್ಲಿ ಪೂಸಾದ ಕೃಷಿ ಸಂಶೋಧನಾ ಸಂಸ್ಥೆಯನ್ನು ಸೇರಿದ.

ಪೂಸಾ ಎಂದೊಡನೆ ಇಂದಿನ ಓದುಗರಿಗೆ ನೆನಪಾಗುವುದು ದೆಹಲಿ. ಆದರೆ ಮೂಲ ಪೂಸಾ ಇರುವುದು ಬಿಹಾರದ ಇಂದಿನ ಸಮಸ್ತಿಪುರ ಜಿಲ್ಲೆಯಲ್ಲಿ. ವೈಸರಾಯ್ ಕರ್ಜನ್ ಕಾಲದಲ್ಲಿ, 1905ರಲ್ಲಿ, ಅಲ್ಲಿ ಸಂಶೋಧನಾ ಸಂಸ್ಥೆ ಆರಂಭವಾಯಿತು. ಅದಕ್ಕೆ ಹಣ ಕೊಟ್ಟವನು ಹೆನ್ರಿ ಫಿಪ್ಸ್ ಎಂಬ ಅಮೆರಿಕದ ಸಿರಿವಂತ. ದೇಣಿಗೆಯ ಮೊತ್ತ 30,000 ಪೌಂಡ್. ಮುಖ್ಯ ಕಟ್ಟಡಕ್ಕೆ ಅವನದೇ ಹೆಸರಿಡಲಾಯಿತು. ಸರಿಸುಮಾರು ಅದೇ ಕಾಲಕ್ಕೆ, 1908ರಲ್ಲಿ, ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನಕ್ಕೆ ಬಂದು ಅಡಿಕೆಯ ಕೊಳೆರೋಗದ ಬೆನ್ನು ಹತ್ತಿದ್ದು. ಬೆಳೆಯ ರೋಗಕ್ಕೂ ಕೀಟಕ್ಕೂ ಸರ್ಕಾರವೇ ವಿಜ್ಞಾನಿಗಳನ್ನು ನೇಮಿಸುವ ಪದ್ಧತಿ ಈ ದೇಶದಲ್ಲಿ ಆಗಷ್ಟೇ ಬೇರುಬಿಡುತ್ತಿತ್ತು.

ಪೂಸಾದಲ್ಲಿ ಹೌಲೆಟ್‌ಗೆ ಹಿರಿಯನಾಗಿದ್ದವನು ಹೆರಾಲ್ಡ್ ಮ್ಯಾಕ್ಸ್‌ವೆಲ್ ಲೆಫ್ರಾಯ್. ಇಬ್ಬರ ದುಡಿಮೆಯ ಫಲವಾಗಿ 1909ರಲ್ಲಿ 'ಇಂಡಿಯನ್ ಇನ್‌ಸೆಕ್ಟ್ ಲೈಫ್' ಎಂಬ ಬೃಹತ್ ಗ್ರಂಥ ಹೊರಬಂತು. ಲೆಫ್ರಾಯ್ ಅದರ ಮುಖ್ಯ ಕರ್ತೃ. ನೊಣ ಮತ್ತು ಸೊಳ್ಳೆಗಳನ್ನು ಒಳಗೊಂಡ ಎರಡು ರೆಕ್ಕೆಯ ಕೀಟಗಳ ಭಾಗ ಹೌಲೆಟ್‌ನದು. ಭಾರತದ ಕೀಟಗಳನ್ನು ಅಭ್ಯಾಸ ಮಾಡಿದ ಹಲವು ತಲೆಮಾರುಗಳ ವಿದ್ಯಾರ್ಥಿಗಳು ಆ ಪುಸ್ತಕವನ್ನು ಮಗುಚಿದ್ದಾರೆ.

1912ರಲ್ಲಿ ಲೆಫ್ರಾಯ್ ಇಂಗ್ಲೆಂಡಿಗೆ ಮರಳಿದ. (ಕೀಟ ಕೊಲ್ಲುವ ಅನಿಲಗಳ ಪ್ರಯೋಗ ನಡೆಸುತ್ತಿದ್ದಾಗಲೇ 1925ರಲ್ಲಿ ಲಂಡನ್ನಿನ ತನ್ನ ಪ್ರಯೋಗಾಲಯದಲ್ಲಿ ವಿಷಾನಿಲ ಸೇವಿಸಿ ಆತ ಮಡಿದ.) ಹೌಲೆಟ್‌ಗೆ ಇಂಪೀರಿಯಲ್ ಪೆಥಲಾಜಿಕಲ್ ಎಂಟಮಾಲಜಿಸ್ಟ್ ಎಂಬ ಪ್ರತ್ಯೇಕ ಹುದ್ದೆ ದೊರೆಯಿತು. ಮನುಷ್ಯರನ್ನೂ ದನಕರುಗಳನ್ನೂ ಕಾಡುವ ಕೀಟಗಳ ಅಧ್ಯಯನ ಆ ಹುದ್ದೆಯ ಹೊಣೆ. ಸೊಳ್ಳೆ, ಕಚ್ಚುವ ನೊಣ, ಮರಳುನೊಣ, ಉಣ್ಣೆ ಇವೇ ಅವನ ದಿನನಿತ್ಯದ ಸಂಗಾತಿಗಳು. ಹಣ್ಣಿನ ಪೀಡೆ ಆ ಪಟ್ಟಿಯಲ್ಲಿ ಸೇರುವಂಥದ್ದಲ್ಲ. ಆದರೂ ಅವನ ಹೆಸರು ಉಳಿದದ್ದು ಹಣ್ಣುನೊಣದಿಂದ.

ಕೀಟಕ್ಕೆ ಏನು ಬೇಕು?

ಅಂದಿನ ಕೀಟಶಾಸ್ತ್ರದ ಬಹುಪಾಲು ಶ್ರಮ ಹೆಸರಿಡುವುದರಲ್ಲಿ, ವರ್ಗೀಕರಿಸುವುದರಲ್ಲಿ ಕಳೆಯುತ್ತಿತ್ತು. ಹೌಲೆಟ್ ಕೇಳುತ್ತಿದ್ದ ಪ್ರಶ್ನೆ ಬೇರೆ. ಕೀಟ ಒಂದು ವಸ್ತುವಿನ ಬಳಿ ಏಕೆ ಬರುತ್ತದೆ? ಅದನ್ನು ಎಳೆಯುವುದು ಬಿಸಿಯೋ, ಬಣ್ಣವೋ, ವಾಸನೆಯೋ?

ಸೊಳ್ಳೆಯ ಮೇಲೆ ಆತ ನಡೆಸಿದ, 1910ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಉದಾಹರಣೆ. ಸೊಳ್ಳೆಗಳಿದ್ದ ಪಂಜರದ ಬಳಿ ಬಿಸಿನೀರು ತುಂಬಿದ ಗಾಜಿನ ನಳಿಕೆಯನ್ನು ಹಿಡಿದರೆ ಹೆಣ್ಣು ಸೊಳ್ಳೆಗಳು ಅತ್ತ ನುಗ್ಗುತ್ತಿದ್ದವು. ರಕ್ತವಿಲ್ಲ, ಬೆವರಿಲ್ಲ, ಬರೀ ಬಿಸಿ. ಮನುಷ್ಯನ ಮೈಯ ಕಾವೇ ಸೊಳ್ಳೆಗೆ ಒಂದು ಕರೆ ಎಂಬುದನ್ನು ತೋರಿಸಿದ ಮೊದಲಿಗರಲ್ಲಿ ಆತ ಒಬ್ಬ. ಮುಂದೆ ಆತ ವಾಸನೆಗಳತ್ತ ತಿರುಗಿದ. ಬೆಂಜಾಲ್ಡಿಹೈಡ್ ಮುಂತಾದ ರಾಸಾಯನಿಕಗಳಿಗೆ ಥ್ರಿಪ್ಸ್ ಎಂಬ ಸಣ್ಣ ಕೀಟಗಳು ಮುತ್ತುವುದನ್ನು ಗಮನಿಸಿ 1914ರಲ್ಲಿ ಅವುಗಳಿಗೊಂದು ಬಲೆಯನ್ನೂ ಸೂಚಿಸಿದ.

ನೆರೆಯವರ ಫಜೀತಿ

ಹಣ್ಣುನೊಣದ ಸುಳಿವು ಸಿಕ್ಕಿದ್ದು ಪೂಸಾದಲ್ಲಿ ಹೌಲೆಟ್‌ನ ನೆರೆಯವರೊಬ್ಬರಿಂದ. ಸೊಳ್ಳೆ ದೂರವಿಡಲು ಅವರು ಸಿಟ್ರೊನೆಲ್ಲಾ ಎಣ್ಣೆ ಬಳಸುತ್ತಿದ್ದರು. ಸುವಾಸನೆಯ ಹುಲ್ಲಿನಿಂದ ತೆಗೆಯುವ ಈ ಎಣ್ಣೆ ಆಗ ಮನೆಮನೆಯ ಸೊಳ್ಳೆಮದ್ದು. ಸೊಳ್ಳೆಯ ಕಾಟ ತಪ್ಪಿಸಲು ಹೋದವರಿಗೆ ಇನ್ನೊಂದು ಕಾಟ ಗಂಟುಬಿತ್ತು. ಎಣ್ಣೆಯ ವಾಸನೆಗೆ ಎಲ್ಲಿಂದಲೋ ನೊಣಗಳು ಹಾರಿಬಂದು ಮುತ್ತತೊಡಗಿದವು.

ಬೇರೆಯವರಾಗಿದ್ದರೆ ಎಣ್ಣೆಯ ಸೀಸೆಯನ್ನು ಬದಲಿಸಿ ಸುಮ್ಮನಾಗುತ್ತಿದ್ದರು. ಹೌಲೆಟ್ ನೊಣಗಳನ್ನು ಹಿಡಿದು ನೋಡಿದ. ಅವು ಡೇಕಸ್ ಕುಲದ ಹಣ್ಣುನೊಣಗಳು. ಹೆಣ್ಣು ಒಂದೂ ಇರಲಿಲ್ಲ. 1912ರಲ್ಲಿ ಲಂಡನ್ನಿನ ಎಂಟಮಲಾಜಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಎರಡು ಜಾತಿಯ ನೊಣಗಳ ಮೇಲೆ ಸಿಟ್ರೊನೆಲ್ಲಾದ ಪರಿಣಾಮ ಕುರಿತು ಆತನ ಲೇಖನ ಪ್ರಕಟವಾಯಿತು.

ಆತನ ನಿಜವಾದ ಸಾಧನೆ ಅದರ ನಂತರದ್ದು. ಸಿಟ್ರೊನೆಲ್ಲಾ ಎಣ್ಣೆ ಒಂದೇ ವಸ್ತುವಲ್ಲ, ಹಲವು ರಾಸಾಯನಿಕಗಳ ಬೆರಕೆ. ಅದರಲ್ಲಿ ನೊಣವನ್ನು ಕರೆಯುತ್ತಿರುವುದು ಯಾವುದು? ಹೌಲೆಟ್ ಘಟಕಗಳನ್ನು ಒಂದೊಂದಾಗಿ ನೊಣಗಳ ಮುಂದಿಟ್ಟು ಪರೀಕ್ಷಿಸಿದ. ಎಣ್ಣೆಗೆ ಅದರ ಹೆಸರನ್ನೂ ಘಮವನ್ನೂ ಕೊಡುವ ಮುಖ್ಯ ಘಟಕಗಳಲ್ಲ, ಅದರಲ್ಲಿ ಅಲ್ಪಸ್ವಲ್ಪವಿದ್ದ ಮೀಥೈಲ್ ಯೂಜಿನಾಲ್ ಎಂಬ ವಸ್ತು ಗಂಡು ನೊಣಗಳನ್ನು ಹುಚ್ಚೆಬ್ಬಿಸುತ್ತಿತ್ತು. ಲವಂಗದ ಯೂಜಿನಾಲ್‌ಗೆ ಇದು ಹತ್ತಿರದ ನೆಂಟ. ನಮ್ಮ ಅಂಗಳದ ತುಳಸಿಯಲ್ಲೂ ಇದೆ. ತುಳಸಿ ಎಲೆಯನ್ನು ಜಜ್ಜಿ ಹಣ್ಣುನೊಣ ಹಿಡಿಯುವ ರೂಢಿಗೆ ಕಾರಣ ಅದೇ. 1915ರಲ್ಲಿ ಹೌಲೆಟ್ ಈ ಫಲಿತಾಂಶಗಳನ್ನು ಪ್ರಕಟಿಸಿದ.

ಗಂಡುಗಳು ಮಾತ್ರ ಬರುವುದೇಕೆ ಎಂಬುದಕ್ಕೂ ಆತನಲ್ಲಿ ಒಂದು ತರ್ಕವಿತ್ತು. ಆ ಪರಿಮಳ ಹೆಣ್ಣಿನ ಕಂಪನ್ನು ಹೋಲುತ್ತಿರಬೇಕು, ಗಂಡುಗಳು ಮೋಸಹೋಗಿ ಬರುತ್ತಿರಬೇಕು ಎಂಬುದು ಆ ತರ್ಕ. ಅದು ಸರಿಯಿರಲಿಲ್ಲ. 1980 ಮತ್ತು 90ರ ದಶಕಗಳಲ್ಲಿ ನಡೆದ ಸಂಶೋಧನೆಗಳು ತೋರಿಸಿದ್ದೇ ಬೇರೆ. ಗಂಡು ನೊಣ ಮೀಥೈಲ್ ಯೂಜಿನಾಲನ್ನು ನೆಕ್ಕಿ ನುಂಗುತ್ತದೆ, ದೇಹದಲ್ಲಿ ಮಾರ್ಪಡಿಸಿ ಗ್ರಂಥಿಯೊಂದರಲ್ಲಿ ಕೂಡಿಡುತ್ತದೆ, ಮುಸ್ಸಂಜೆ ಹೆಣ್ಣನ್ನು ಕರೆಯುವಾಗ ಅದನ್ನೇ ಗಾಳಿಗೆ ಬಿಡುತ್ತದೆ. ಅದನ್ನು ತಿಂದ ಗಂಡಿಗೆ ಹೆಣ್ಣು ಒಲಿಯುವ ಸಾಧ್ಯತೆ ಹೆಚ್ಚು. ಎಂದರೆ ಗಂಡು ಬರುವುದು ಹೆಣ್ಣನ್ನು ಹುಡುಕಿಕೊಂಡಲ್ಲ, ಅತ್ತರನ್ನು ಹುಡುಕಿಕೊಂಡು. ಕಾರಣ ತಪ್ಪಿದರೂ ಕಂಡದ್ದು ತಪ್ಪಿರಲಿಲ್ಲ. ಹೌಲೆಟ್‌ನ ಊಹೆ ಬಿದ್ದುಹೋಯಿತು, ಬಲೆ ಉಳಿಯಿತು.

ನಲವತ್ತಮೂರಕ್ಕೆ ಅಂತ್ಯ

1920ರ ಆಗಸ್ಟ್‌ನಲ್ಲಿ ಹೌಲೆಟ್ ಮಸ್ಸೂರಿಯಲ್ಲಿ ತೀರಿಕೊಂಡ. ವಯಸ್ಸು 43. ವಾಸನೆಯಿಂದ ಕೀಟವನ್ನು ನಿಯಂತ್ರಿಸುವ ವಿಚಾರವನ್ನು ಪೂಸಾದಲ್ಲಿ ಅದೇ ಹುಮ್ಮಸ್ಸಿನಿಂದ ಬೆನ್ನಟ್ಟುವವರು ಉಳಿಯಲಿಲ್ಲ. 1934ರ ಜನವರಿ 15ರ ಭೀಕರ ಭೂಕಂಪದಲ್ಲಿ ಫಿಪ್ಸ್ ಪ್ರಯೋಗಾಲಯವೂ ಹಾಳಾಯಿತು. 1936ರಲ್ಲಿ ಸಂಸ್ಥೆ ದೆಹಲಿಗೆ ಸ್ಥಳಾಂತರಗೊಂಡಿತು. ಹಳ್ಳಿಯ ಹೆಸರೂ ಜೊತೆಗೇ ಹೋಯಿತು.

ಮೀಥೈಲ್ ಯೂಜಿನಾಲ್ ಮೂರು ದಶಕಗಳಿಗೂ ಹೆಚ್ಚು ಕಾಲ ಬಹುಮಟ್ಟಿಗೆ ಗ್ರಂಥಾಲಯದಲ್ಲೇ ಉಳಿಯಿತು. ಇದಕ್ಕೆ ಅಲಕ್ಷ್ಯವೊಂದೇ ಕಾರಣವೆನ್ನಲಾಗದು. ಬೆಳೆ ಹಾಳುಮಾಡುವುದು ಹೆಣ್ಣು. ಬಲೆಗೆ ಬೀಳುವುದು ಗಂಡು. ಹತ್ತು ಗಂಡುಗಳಲ್ಲಿ ಒಂಬತ್ತು ಸತ್ತರೂ ಉಳಿದ ಒಂದು ಹಲವು ಹೆಣ್ಣುಗಳನ್ನು ಕೂಡಬಲ್ಲದು. ಹೀಗಿರುವಾಗ ಗಂಡನ್ನು ಕೊಂದು ಏನು ಲಾಭ ಎಂಬ ಸಂದೇಹ ಸಹಜವೇ.

ಸಂದೇಹಕ್ಕೆ ಉತ್ತರ ಬಂದದ್ದು ಶಾಂತಸಾಗರದಿಂದ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಏಷ್ಯಾದ ಹಣ್ಣುನೊಣ ಹವಾಯಿ ದ್ವೀಪಗಳನ್ನು ಹೊಕ್ಕು ಹಾವಳಿಯೆಬ್ಬಿಸಿತು. ಅಮೆರಿಕದ ಕೃಷಿ ಇಲಾಖೆಯ ಲೋರೆನ್ ಸ್ಟೈನರ್ 1952ರಲ್ಲಿ ಮೀಥೈಲ್ ಯೂಜಿನಾಲ್‌ನ ಶಕ್ತಿಯನ್ನು ಮತ್ತೆ ಲೋಕದ ಮುಂದಿಟ್ಟ. 1960ರ ದಶಕದ ಮೊದಲರ್ಧದಲ್ಲಿ ಗುವಾಮ್ ಬಳಿಯ ರೋಟಾ ಎಂಬ ಪುಟ್ಟ ದ್ವೀಪದ ಮೇಲೆ ಈ ಪರಿಮಳ ಮತ್ತು ಕೀಟನಾಶಕದಲ್ಲಿ ಅದ್ದಿದ ಚಿಕ್ಕ ಹಲಗೆಗಳನ್ನು ವಿಮಾನದಿಂದ ಉದುರಿಸಲಾಯಿತು. ಒಂದು ಗಂಡೂ ಉಳಿಯದಂತೆ ಮತ್ತೆ ಮತ್ತೆ. ಕೂಡಲು ಗಂಡಿಲ್ಲದೆ ನೊಣದ ಸಂತತಿಯೇ ದ್ವೀಪದಿಂದ ಅಳಿಸಿಹೋಯಿತು. ಇದೇ ವಿಧಾನದಿಂದ ಜಪಾನ್ ತನ್ನ ದಕ್ಷಿಣದ ದ್ವೀಪಗಳನ್ನು 1986ರ ವೇಳೆಗೆ ಈ ನೊಣದಿಂದ ಮುಕ್ತಗೊಳಿಸಿತು. ಅದೇ ನೊಣ 2003ರಲ್ಲಿ ಕೀನ್ಯಾದಲ್ಲಿ ಕಾಣಿಸಿಕೊಂಡು ಆಫ್ರಿಕಾದ ಮಾವನ್ನು ಆಕ್ರಮಿಸಿದಾಗಲೂ ಅಲ್ಲಿನವರು ಮೊದಲು ಕೈಗೆತ್ತಿಕೊಂಡ ಅಸ್ತ್ರಗಳಲ್ಲಿ ಹೌಲೆಟ್‌ನ ಪರಿಮಳವೂ ಒಂದು.

ತೋಪಿಗೆ ಮರಳಿದ ಬಲೆ

ಭಾರತದಲ್ಲಿ ಈ ಬಲೆ ರೈತರ ಕೈಗೆ ಬರಲು ಇನ್ನಷ್ಟು ಕಾಲ ಹಿಡಿಯಿತು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಾವಿನ ಹಣ್ಣುನೊಣದ ಮೇಲೆ ದೀರ್ಘಕಾಲ ಕೆಲಸ ಮಾಡಿದೆ. ಮದ್ಯಸಾರ, ಮೀಥೈಲ್ ಯೂಜಿನಾಲ್ ಮತ್ತು ಕೀಟನಾಶಕವನ್ನು 6:4:1ರ ಪ್ರಮಾಣದಲ್ಲಿ ಬೆರೆಸಿ ಪ್ಲೈವುಡ್ ತುಂಡುಗಳನ್ನು ನೆನೆಸುವ ವಿಧಾನ ತೋಟಗಾರಿಕೆಯವರಿಗೆ ಚಿರಪರಿಚಿತ. ಈ ಮಿಶ್ರಣದಲ್ಲಿ ಹಿಂದೆ ಬಳಕೆಯಲ್ಲಿದ್ದ ಡೈಕ್ಲೋರ್ವಾಸ್ 2020ರ ಕೊನೆಗೆ ದೇಶದಲ್ಲಿ ನಿಷೇಧಕ್ಕೆ ಒಳಗಾಯಿತು.

ಹಣ್ಣುನೊಣ ಬರೀ ರೈತನ ತಲೆನೋವಲ್ಲ ಎಂಬುದು 2014ರಲ್ಲಿ ಎಲ್ಲರಿಗೂ ಮನದಟ್ಟಾಯಿತು. ಭಾರತದಿಂದ ಬಂದ ಸರಕಿನಲ್ಲಿ ಹಣ್ಣುನೊಣ ಸೇರಿದಂತೆ ಕೀಟಗಳು ಪತ್ತೆಯಾದವೆಂದು ಐರೋಪ್ಯ ಒಕ್ಕೂಟ ಆ ವರ್ಷದ ಮೇ 1ರಿಂದ ನಮ್ಮ ಮಾವಿಗೂ ಕೆಲವು ತರಕಾರಿಗಳಿಗೂ ಬಾಗಿಲು ಮುಚ್ಚಿತು. ಆಪೂಸಿನ ಹಂಗಾಮು ಬಿರುಸಾಗಿದ್ದ ಹೊತ್ತದು. ಮಾವಿನ ಮೇಲಿನ ನಿಷೇಧ ತೆರವಾದದ್ದು 2015ರ ಆರಂಭದಲ್ಲಿ.

ಬಲೆಯೊಂದೇ ಸಾಲದು ಎಂಬುದನ್ನು ಅನುಭವಿ ಬೆಳೆಗಾರರು ಬಲ್ಲರು. ಹಾಗಲ, ಸೌತೆ, ಹೀರೆಗೆ ಬೀಳುವ ನೊಣ ಮೀಥೈಲ್ ಯೂಜಿನಾಲ್‌ಗೆ ಓಗೊಡುವುದೇ ಇಲ್ಲ. ಅದಕ್ಕೆ ಕ್ಯೂ ಲೂರ್ ಎಂಬ ಬೇರೆ ಆಕರ್ಷಕ ಬೇಕು. ಮಾವಿನಲ್ಲೂ ಒಬ್ಬ ರೈತ ಡಬ್ಬಿ ಕಟ್ಟಿ ಪಕ್ಕದವನು ಸುಮ್ಮನಿದ್ದರೆ, ಪಕ್ಕದ ತೋಪಿನಲ್ಲಿ ಕೂಡಿ ಬಸಿರಾದ ಹೆಣ್ಣು ಬೇಲಿ ದಾಟಿ ಬಂದು ಮೊಟ್ಟೆಯಿಡುತ್ತದೆ. ರೋಟಾ ಸುತ್ತ ಕಡಲಿತ್ತು. ಶ್ರೀನಿವಾಸಪುರದ ತೋಪಿನ ಸುತ್ತ ಇರುವುದು ಇನ್ನೊಬ್ಬರ ತೋಪು. ಹಾಗಾಗಿ ಇಡೀ ಊರು ಒಟ್ಟಿಗೇ ಬಲೆ ಕಟ್ಟಬೇಕು, ಉದುರಿದ ಹಣ್ಣನ್ನು ಅಂದಂದೇ ಆಯ್ದು ನಾಶಪಡಿಸಬೇಕು, ಕಾಯಿ ಬಲಿಯುವ ಮೊದಲೇ ಡಬ್ಬಿ ಕೊಂಬೆಗೇರಬೇಕು, ಪರಿಮಳ ಆರುತ್ತಿದ್ದಂತೆ ಪ್ಲೈವುಡ್ ತುಂಡನ್ನು ಬದಲಿಸಬೇಕು.