ಬಿಸಿಲಿಗೊಬ್ಬ ಅಪ್ಪ, ಯುರೇನಿಯಂಗೊಬ್ಬ ಮಗ

ಮಕ್ಕಳೇ, ನಿಮ್ಮಲ್ಲಿ ಕೆಲವರ ಮಲಗುವ ಕೋಣೆಯ ಸೂರಿಗೆ ಹಸಿರು ನಕ್ಷತ್ರದ ಸ್ಟಿಕ್ಕರ್‌ಗಳನ್ನು ಅಂಟಿಸಿರಬಹುದು. ದೀಪ ಆರಿಸಿದ ಮೇಲೂ ಅವು ಸ್ವಲ್ಪ ಹೊತ್ತು ಹೊಳೆಯುತ್ತವೆ, ಬರಬರುತ್ತ ಮಂಕಾಗುತ್ತವೆ. ಹೀಗೆ ಬೆಳಕನ್ನು ಕುಡಿದು ಕತ್ತಲಲ್ಲಿ ಹೊರಗೆ ಬಿಡುವ ವಸ್ತುಗಳ ಬೆನ್ನು ಹತ್ತಿದ ಮನೆತನವೊಂದು ಪ್ಯಾರಿಸ್ಸಿನಲ್ಲಿತ್ತು. ಅದರ ಹೆಸರು ಬೆಕೆರೆಲ್. ಅಜ್ಜ, ಅಪ್ಪ, ಮಗ, ಮೊಮ್ಮಗ, ನಾಲ್ಕು ತಲೆಮಾರಿನವರೂ ಭೌತವಿಜ್ಞಾನಿಗಳು. ಬಿಸಿಲಿನಿಂದ ಕರೆಂಟು ಹುಟ್ಟಿಸಬಹುದು ಎಂಬ ಮೊದಲ ಸುಳಿವು ಸಿಕ್ಕಿದ್ದು ಆ ಮನೆಯ ಅಪ್ಪನಿಗೆ. ಯುರೇನಿಯಂ ತಾನಾಗಿಯೇ ವಿಕಿರಣ ಸೂಸುತ್ತದೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು ಮಗ. ಇಂದು ಜಗತ್ತು ಅತಿ ಹೆಚ್ಚು ಚರ್ಚೆ ಮಾಡುವ ಎರಡು ಶಕ್ತಿಗಳ ಕಥೆಗೂ ಒಂದೇ ಅಂಗಳ!

ಮೈಸೂರಿನ ವೀಣೆ ಶೇಷಣ್ಣನವರ ಹೆಸರನ್ನು ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ಹೇಳುತ್ತಾರೆ. ಶೇಷಣ್ಣನವರ ತಂದೆ ಚಿಕ್ಕರಾಮಪ್ಪನವರೂ ಆಸ್ಥಾನದ ವೈಣಿಕರು. ಮಗುವಿಗೆ ಮಾತು ಬರುವ ಮೊದಲೇ ಕಿವಿಯಲ್ಲಿ ನಾದ ತುಂಬಿರುವಂಥ ಮನೆ ಅದು. ಶೇಷಣ್ಣನವರು ಹುಟ್ಟಿದ 1852ರಲ್ಲೇ ಪ್ಯಾರಿಸ್ಸಿನಲ್ಲಿ ಹೆನ್ರಿ ಬೆಕೆರೆಲ್ ಹುಟ್ಟಿದರು. ಅವರ ಮನೆಯಲ್ಲಿ ವೀಣೆ ಇದ್ದ ಜಾಗದಲ್ಲಿ ಹರಳುಗಳು, ಗಾಜಿನ ಬುಡ್ಡಿಗಳು, ಬ್ಯಾಟರಿಗಳು. ಮನೆ ಇದ್ದದ್ದೂ ನಗರದ ದೊಡ್ಡ ಸಸ್ಯೋದ್ಯಾನದೊಳಗಿನ ಪ್ರಕೃತಿ ವಿಜ್ಞಾನ ಸಂಗ್ರಹಾಲಯದ ಆವರಣದಲ್ಲಿ. ನೆಪೋಲಿಯನ್ನನ ಸೈನ್ಯದಲ್ಲಿದ್ದು ಸ್ಪೇನಿನಲ್ಲಿ ಕಾದಾಡಿ ಬಂದಿದ್ದ ಅಜ್ಜ ಆಂಟ್ವಾನ್ ಸೆಜಾರ್, ಆಮೇಲೆ ವಿಜ್ಞಾನಕ್ಕೆ ತಿರುಗಿ, 1838ರಲ್ಲಿ ಅಲ್ಲಿ ಭೌತಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿದ್ದರು.

ಮರುವರ್ಷ, 1839ರಲ್ಲಿ, ಅವರ ಮಗ ಎಡ್ಮಂಡ್‌ಗೆ ಹತ್ತೊಂಬತ್ತು ವಯಸ್ಸು. ಅಪ್ಪನ ಪ್ರಯೋಗಾಲಯದಲ್ಲೇ ಕೆಲಸ. ಒಂದು ಪಾತ್ರೆಯಲ್ಲಿ ಆಮ್ಲದ ದ್ರಾವಣ, ಅದರೊಳಗೆ ಎರಡು ಪ್ಲಾಟಿನಂ ತಗಡುಗಳು, ತಗಡಿನ ಮೇಲೆ ಬೆಳ್ಳಿಯ ಲವಣವಾದ ಸಿಲ್ವರ್ ಕ್ಲೋರೈಡಿನ ಲೇಪ. ಎರಡಕ್ಕೂ ತಂತಿ ಕಟ್ಟಿ ವಿದ್ಯುತ್ ಅಳೆಯುವ ಉಪಕರಣಕ್ಕೆ ಜೋಡಿಸಿದ್ದ. ಒಂದು ತಗಡಿನ ಮೇಲೆ ಬೆಳಕು ಬಿಟ್ಟರೆ ಉಪಕರಣದ ಮುಳ್ಳು ಕದಲುತ್ತಿತ್ತು, ಬೆಳಕು ಮರೆ ಮಾಡಿದರೆ ವಾಪಸು ಬರುತ್ತಿತ್ತು. ಹುಡುಗ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಬೇರೆ ಬೇರೆ ಬಣ್ಣದ ಬೆಳಕು ಬಿಟ್ಟು ನೋಡಿದ. ಕೆಂಪಿಗಿಂತ ನೀಲಿ ಮತ್ತು ಅದರಾಚೆಯ, ಕಣ್ಣಿಗೆ ಕಾಣದ ನೇರಳಾತೀತ ಬೆಳಕಿಗೆ ಹೆಚ್ಚು ಕರೆಂಟು ಬರುತ್ತಿತ್ತು. ಯಾಕೆ ಹೀಗೆ ಎಂದು ಹೇಳಲು ಆಗ ಯಾರಿಂದಲೂ ಸಾಧ್ಯವಿರಲಿಲ್ಲ. ಬೆಳಕು ತಟ್ಟಿದಾಗ ಕದಲುವ ಎಲೆಕ್ಟ್ರಾನ್ ಎಂಬ ಕಣ ಗೊತ್ತಾದದ್ದೇ 1897ರಲ್ಲಿ.

ಆ ಕರೆಂಟಿನಿಂದ ಒಂದು ದೀಪವನ್ನೂ ಹೊತ್ತಿಸಲು ಆಗುತ್ತಿರಲಿಲ್ಲ. ಉಪಯೋಗಕ್ಕೆ ಬರುವ ಸೌರಕೋಶಕ್ಕಾಗಿ 1954ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚೇಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಸಿಲಿಕಾನ್‌ನಿಂದ ಮಾಡಿದ ಕೋಶ, ಬಿದ್ದ ಬಿಸಿಲಿನ ಸುಮಾರು ನೂರರಲ್ಲಿ ಆರು ಪಾಲನ್ನು ವಿದ್ಯುತ್ತಾಗಿಸಿತು. ಈಗಿನ ಫಲಕಗಳು ಇಪ್ಪತ್ತು ಪಾಲಿಗೂ ಮೀರಿವೆ.

ರಜೆಗೆ ಊರಿಗೆ ಹೋದಾಗ ಸಾಧ್ಯವಾದರೆ ಪಾವಗಡವನ್ನು ನೋಡಿ ಬನ್ನಿ. ತುಮಕೂರು ಜಿಲ್ಲೆಯ ಈ ತಾಲ್ಲೂಕು ಬರಕ್ಕೆ ಹೆಸರಾದದ್ದು. ಮಳೆ ಕೈಕೊಟ್ಟರೂ ಬಿಸಿಲು ಕೈಕೊಡದ ನೆಲ. ಅಲ್ಲಿನ ರೈತರಿಂದ ಸುಮಾರು 13,000 ಎಕರೆಯನ್ನು ಗುತ್ತಿಗೆಗೆ ಪಡೆದು 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಕಟ್ಟಿದ್ದಾರೆ. ಹೊಲದ ಒಡೆತನ ರೈತರದೇ, ವರ್ಷಕ್ಕಿಷ್ಟು ಎಂದು ಬಾಡಿಗೆ ಬರುತ್ತದೆ. ಆದರೆ ಸ್ವಂತ ಹೊಲವಿಲ್ಲದೆ ಕೂಲಿಯನ್ನೇ ನೆಚ್ಚಿದ್ದವರಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ. ಆ ಫಲಕಗಳ ಸಾಲುಗಳ ನಡುವೆ ನಿಂತಾಗ ಇದನ್ನೂ ನೆನೆಯಬೇಕು.

ಮತ್ತೆ ಪ್ಯಾರಿಸ್ಸಿಗೆ ಬರೋಣ. ಎಡ್ಮಂಡ್ ದೊಡ್ಡವರಾದ ಮೇಲೆ ಹೊಳೆಯುವ ವಸ್ತುಗಳ ಹಿಂದೆ ಬಿದ್ದರು. ನಿಮ್ಮ ಸ್ಟಿಕ್ಕರ್ ನಿಮಿಷಗಟ್ಟಲೆ ಹೊಳೆಯುತ್ತದೆ. ಆದರೆ ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ಹೊಳೆದು ಆರಿಹೋಗುವ ವಸ್ತುವನ್ನು ನೋಡುವುದು ಹೇಗೆ? ಅದಕ್ಕಾಗಿಯೇ ಅವರು ಒಂದು ಯಂತ್ರ ಮಾಡಿದರು. ತೂತುಗಳಿರುವ ಎರಡು ಬಿಲ್ಲೆಗಳು ಒಂದೇ ಅಚ್ಚಿನ ಮೇಲೆ ಗಿರ್ರನೆ ತಿರುಗುತ್ತವೆ, ನಡುವೆ ಹರಳು. ಆ ಕಡೆಯ ತೂತಿನಿಂದ ಬೆಳಕು ಬೀಳುವಾಗ ನಿಮ್ಮ ಕಡೆಯ ತೂತು ಮುಚ್ಚಿರುತ್ತದೆ. ಆ ಕಡೆ ಮುಚ್ಚಿದ ಮರುಕ್ಷಣ ಈ ಕಡೆ ತೆರೆಯುತ್ತದೆ. ಹೀಗಾಗಿ ಕಣ್ಣಿಗೆ ಬೀಳುವುದು ಹರಳಿನ ಸ್ವಂತ ಹೊಳಪು ಮಾತ್ರ. ಈ ಯಂತ್ರದಲ್ಲಿ ಚಂದವಾಗಿ ಹೊಳೆದವುಗಳಲ್ಲಿ ಯುರೇನಿಯಂನ ಲವಣಗಳೂ ಇದ್ದವು. ಮನೆಯ ಸಂಗ್ರಹಕ್ಕೆ ಅವು ಸೇರಿಕೊಂಡವು.

1896ರ ಜನವರಿ 20ರಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ರಾಂಟ್ಜೆನ್ ಹೊಸದಾಗಿ ಕಂಡುಹಿಡಿದಿದ್ದ ಎಕ್ಸ್-ಕಿರಣಗಳ ಸುದ್ದಿ ಬಂತು. ಕಿರಣಗಳು ಹೊರಡುವುದು ಗಾಜಿನ ಕೊಳವೆಯ ಹೊಳೆಯುವ ಜಾಗದಿಂದ ಎಂದು ಕೇಳಿದ ಹೆನ್ರಿಗೆ ಒಂದು ಯೋಚನೆ ಬಂತು: ಹೊಳೆಯುವ ವಸ್ತುಗಳೆಲ್ಲ ಎಕ್ಸ್-ಕಿರಣ ಬಿಡುತ್ತವೆಯೋ ಏನೋ? ಫೋಟೊ ತೆಗೆಯುವ ಗಾಜಿನ ಪ್ಲೇಟನ್ನು ದಪ್ಪ ಕಪ್ಪು ಕಾಗದದಲ್ಲಿ ಎರಡು ಸುತ್ತು ಸುತ್ತಿ, ಮೇಲೆ ಯುರೇನಿಯಂ ಲವಣದ ಹರಳಿಟ್ಟು ಬಿಸಿಲಿಗೆ ಇಟ್ಟರು. ಕೆಲವು ಗಂಟೆಗಳ ಮೇಲೆ ಪ್ಲೇಟನ್ನು ತೊಳೆದು ನೋಡಿದರೆ ಹರಳಿನ ಆಕಾರ ಕಪ್ಪಾಗಿ ಮೂಡಿತ್ತು. ಊಹೆ ಸರಿ ಎಂದೇ ಅನ್ನಿಸಿತು. ಫೆಬ್ರವರಿ 24ರಂದು ಅಕಾಡೆಮಿಗೆ ಹಾಗೆಂದೇ ವರದಿ ಕೊಟ್ಟರು.

ಆಮೇಲೆ ಎರಡು ದಿನ ಸರಿಯಾಗಿ ಬಿಸಿಲೇ ಬರಲಿಲ್ಲ. ಸಿದ್ಧ ಮಾಡಿದ್ದ ಪ್ಲೇಟುಗಳನ್ನು ಹರಳಿನ ಸಮೇತ ಮೇಜಿನ ಡ್ರಾಯರಿನೊಳಗೆ ಇಟ್ಟರು. ಒಂದರಲ್ಲಿ ಹರಳಿಗೂ ಪ್ಲೇಟಿಗೂ ನಡುವೆ ತಾಮ್ರದ ಚಿಕ್ಕ ಶಿಲುಬೆಯಿತ್ತು. ಮಾರ್ಚ್ 1, ಭಾನುವಾರ, ಅವನ್ನು ತೊಳೆದು ನೋಡಿದರು. ಮಬ್ಬು ಗುರುತು ಸಿಕ್ಕೀತು ಎಂದು ಎಣಿಸಿದ್ದಾಗಿ ಅವರೇ ಬರೆದಿದ್ದಾರೆ. ಸಿಕ್ಕಿದ್ದು ದಟ್ಟ ಕಪ್ಪು ಚಿತ್ರ, ನಡುವೆ ಶಿಲುಬೆಯ ನೆರಳು.

ಇದನ್ನು ಅನೇಕ ಪುಸ್ತಕಗಳು ಅದೃಷ್ಟ ಎನ್ನುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಸುಮಾರು ನಾಲ್ಕು ದಶಕ ಮೊದಲೇ ನಿಯೆಪ್ಸ್ ದ ಸೇಂಟ್ ವಿಕ್ಟರ್ ಎಂಬುವರು ಯುರೇನಿಯಂ ಲವಣ ಕತ್ತಲಲ್ಲೂ ಫೋಟೊ ಕಾಗದವನ್ನು ಕಪ್ಪಾಗಿಸುವುದನ್ನು ಕಂಡಿದ್ದರು. ಮಾತು ಅಲ್ಲಿಗೇ ನಿಂತಿತ್ತು. ಹೆನ್ರಿ ನಿಲ್ಲಿಸಲಿಲ್ಲ. ಹರಳನ್ನು ತಿಂಗಳುಗಟ್ಟಲೆ ಕತ್ತಲಲ್ಲಿಟ್ಟರು, ಕಿರಣ ಕುಂದಲಿಲ್ಲ. ಹೊಳೆಯದ ಯುರೇನಿಯಂ ಲವಣಗಳನ್ನು ತಂದರು, ಅವೂ ಪ್ಲೇಟನ್ನು ಕಪ್ಪಾಗಿಸಿದವು. ಮೇ ತಿಂಗಳಲ್ಲಿ ಯುರೇನಿಯಂ ಲೋಹವನ್ನೇ ಇಟ್ಟು ನೋಡಿದರೆ ಪರಿಣಾಮ ಇನ್ನೂ ಜೋರು. ಹೊಳಪಿಗೂ ಬಿಸಿಲಿಗೂ ಈ ಕಿರಣಕ್ಕೂ ಸಂಬಂಧವೇ ಇರಲಿಲ್ಲ! ತಾವೇ ಅಕಾಡೆಮಿಯ ಮುಂದೆ ಹೇಳಿದ್ದ ಊಹೆಯನ್ನು ತಾವೇ ಒಂದೊಂದಾಗಿ ಪರೀಕ್ಷೆ ಮಾಡಿ ಕೆಡವಿದ ಈ ಮೂರು ತಿಂಗಳು ನನಗೆ ಆ ಡ್ರಾಯರಿಗಿಂತ ದೊಡ್ಡದಾಗಿ ಕಾಣುತ್ತವೆ.

ಮುಂದಿನ ಹೆಜ್ಜೆಗಳನ್ನು ಇಟ್ಟವರು ಮೇರಿ ಮತ್ತು ಪಿಯರ್ ಕ್ಯೂರಿ. ವಿಕಿರಣಶೀಲತೆಗೆ ಹೆಸರಿಟ್ಟಿದ್ದು, ಪೊಲೋನಿಯಂ ಮತ್ತು ರೇಡಿಯಂ ಹುಡುಕಿದ್ದು ಅವರೇ. 1903ರ ನೊಬೆಲ್ ಬಹುಮಾನದಲ್ಲಿ ಅರ್ಧ ಹೆನ್ರಿಗೆ, ಇನ್ನರ್ಧ ಆ ದಂಪತಿಗೆ. ಈ ಕಿರಣಗಳಿಂದ ಮೈಗೆ ಅಪಾಯವಿದೆ ಎಂಬುದು ಮೊದಮೊದಲು ಯಾರಿಗೂ ತಿಳಿದಿರಲಿಲ್ಲ. 1901ರಲ್ಲಿ ರೇಡಿಯಂ ತುಂಬಿದ ಪುಟ್ಟ ಕೊಳವೆಯನ್ನು ಹೆನ್ರಿ ಕೋಟಿನೊಳಗಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದರು. ಕೆಲವು ದಿನಗಳ ಮೇಲೆ ಆ ಜಾಗದ ಚರ್ಮ ಸುಟ್ಟಂತೆ ಕೆಂಪಾಯಿತು. ಅವರೂ ಪಿಯರ್ ಕ್ಯೂರಿಯವರೂ ಸೇರಿ ಅದನ್ನು ಬರೆದು ಪ್ರಕಟಿಸಿದರು. ವಿಕಿರಣದಿಂದ ಕ್ಯಾನ್ಸರ್‌ಗೆ ಚಿಕಿತ್ಸೆ ಮಾಡುವ ಯೋಚನೆ ಮೊಳೆತದ್ದು ಇಂಥ ಗಾಯಗಳನ್ನು ಕಂಡೇ.

ಉತ್ತರ ಕನ್ನಡದ ಕೈಗಾದಲ್ಲಿ, ಕಾಳಿ ನದಿಯ ದಂಡೆಯಲ್ಲಿ, ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಯುರೇನಿಯಂನಿಂದ ವಿದ್ಯುತ್ ತಯಾರಿಸುತ್ತವೆ. ಒಂದನೇ ಘಟಕ 962 ದಿನ ಎಡೆಬಿಡದೆ ನಡೆದು 2018ರ ಡಿಸೆಂಬರ್ 31ರಂದು ನಿಂತಾಗ ಅದು ವಿಶ್ವದಾಖಲೆಯಾಗಿತ್ತು. ಹೆನ್ರಿ ಕಂಡದ್ದು ಯುರೇನಿಯಂ ತನ್ನಷ್ಟಕ್ಕೆ ಕಿರಣ ಬಿಡುವುದನ್ನು. ಕೈಗಾದಲ್ಲಿ ಯುರೇನಿಯಂ ಪರಮಾಣುವಿನ ಬೀಜವನ್ನು ಒಡೆದು, ಹೊಮ್ಮುವ ಬಿಸಿಯಿಂದ ನೀರು ಕಾಯಿಸಿ ಹಬೆ ಮಾಡುತ್ತಾರೆ. ಹಾಗೆ ಒಡೆಯಬಹುದೆಂದು ಗೊತ್ತಾದದ್ದು 1938ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇನ್ನೊಂದು ಸಂಗತಿಯೂ ತಿಳಿಯಿತು: ಸೂರ್ಯನೊಳಗೆ ಹೈಡ್ರೋಜನ್ ಪರಮಾಣುಗಳ ಬೀಜಗಳು ಒಂದಕ್ಕೊಂದು ಬೆಸೆದು ಹೀಲಿಯಂ ಆಗುವುದರಿಂದಲೇ ಬೆಳಕು ಬರುತ್ತದೆ. ಅಪ್ಪ ತಗಡಿನ ಮೇಲೆ ಬಿಟ್ಟ ಬೆಳಕೂ ಮಗ ಹಿಡಿದ ಕಿರಣವೂ ಎರಡೂ ಪರಮಾಣುವಿನ ಒಡಲಿಂದಲೇ ಬಂದವು. ಇಬ್ಬರೂ ಇದನ್ನು ತಿಳಿಯುವ ಮೊದಲೇ ತೀರಿಕೊಂಡಿದ್ದರು.

ಒಂದು ಸೆಕೆಂಡಿಗೆ ಒಂದು ಪರಮಾಣು ಸಿಡಿದರೆ ಅದಕ್ಕೆ ಒಂದು ಬೆಕೆರೆಲ್ ಎಂದು ಲೆಕ್ಕ. 1975ರಿಂದ ಇದು ಅಂತರರಾಷ್ಟ್ರೀಯ ಅಳತೆ. ಒಂದು ಬಾಳೆಹಣ್ಣಿನಲ್ಲಿರುವ ಪೊಟ್ಯಾಸಿಯಂನಿಂದ ಸುಮಾರು 15 ಬೆಕೆರೆಲ್ ಬರುತ್ತದೆ. ನಿಮ್ಮ ಅಪ್ಪ ಅಮ್ಮನ ಮೈಯಲ್ಲಿ ಸಹಜವಾಗಿಯೇ ಕೆಲವು ಸಾವಿರ ಬೆಕೆರೆಲ್ ಇರುತ್ತದೆ, ಗಾಬರಿ ಬೇಡ. ಸುದ್ದಿಯಲ್ಲಿ ದೊಡ್ಡ ಸಂಖ್ಯೆ ಕೇಳಿದಾಗ ಯಾವ ವಸ್ತು, ಎಷ್ಟು ಹತ್ತಿರ, ಎಷ್ಟು ಹೊತ್ತು ಎಂದು ವಿಚಾರಿಸಿ. ಅಪಾಯ ಎಷ್ಟೆಂಬುದು ಅದರ ಮೇಲೆ ನಿಂತಿದೆ.

ಹೆನ್ರಿಯ ಮಗ ಜಾನ್ 1948ರವರೆಗೆ ಮುತ್ತಜ್ಜನ ಪೀಠದಲ್ಲೇ ಪಾಠ ಹೇಳಿದರು. ಇನ್ನು ಎಡ್ಮಂಡ್ ಅವರ ನೆನಪಿಗೆ, ಅವರ ಪ್ರಯೋಗಕ್ಕೆ 150 ವರ್ಷ ತುಂಬಿದ 1989ರಿಂದ ಯುರೋಪಿನಲ್ಲಿ ಸೌರವಿದ್ಯುತ್ತಿಗಾಗಿ ದುಡಿದ ವಿಜ್ಞಾನಿಗಳಿಗೆ ಬೆಕೆರೆಲ್ ಪ್ರಶಸ್ತಿ ಕೊಡುತ್ತಿದ್ದಾರೆ.