ಮೂಲಬಿಂದು ಬದಲಾದರೂ ಉಳಿಯುವುದು: ಗಣಿತಜ್ಞ ಡಿ. ಡಿ. ಕೋಸಂಬಿ

ಅಭ್ಯಾಸ ಬೋಧನೆಗೆ ಶಾಲೆಗಳಿಗೆ ಹೋದಾಗ ನಮ್ಮ ಪ್ರಶಿಕ್ಷಣಾರ್ಥಿಗಳು ತಾವಾಗಿಯೇ ಎರಡು ಗುಂಪಾಗುತ್ತಾರೆ. ಗಣಿತ, ವಿಜ್ಞಾನದವರು ಒಂದು ಕಡೆ. ಭಾಷೆ, ಸಮಾಜ ವಿಜ್ಞಾನದವರು ಇನ್ನೊಂದು ಕಡೆ. ಸಹಪಾಠಿಗಳ ಪಾಠ ವೀಕ್ಷಣೆಗೆ ಕೂಡ ತಮ್ಮ ವಿಷಯದ ತರಗತಿಯನ್ನೇ ಹುಡುಕಿಕೊಂಡು ಹೋಗುತ್ತಾರೆ. ಹೀಗಾದಾಗ ನಾನು ಅವರಿಗೆ ದಾಮೋದರ ಧರ್ಮಾನಂದ ಕೋಸಂಬಿಯವರ ಬದುಕನ್ನು ಹೇಳುತ್ತೇನೆ. ಅವರು ರೇಖಾಗಣಿತದಲ್ಲಿ ಸಂಶೋಧನೆ ಮಾಡಿದವರು. ಸಂಸ್ಕೃತ ಸುಭಾಷಿತಗಳನ್ನು ನಿಜವಾಗಿ ಯಾರು ಬರೆದರು ಎಂಬುದನ್ನು ನೂರಾರು ಹಸ್ತಪ್ರತಿಗಳಲ್ಲಿ ಹುಡುಕಿದವರೂ ಅವರೇ. ಎರಡೂ ಕಡೆ ಅವರು ಕೇಳಿದ ಪ್ರಶ್ನೆ ಹೆಚ್ಚು ಕಡಿಮೆ ಒಂದೇ ಎಂದು ನನಗೆ ಅನ್ನಿಸುತ್ತದೆ. ಆ ಪ್ರಶ್ನೆ ನಮ್ಮ ತರಗತಿಗೂ ಬೇಕಾದದ್ದು.

ಕೋಸಂಬಿಯವರು 1907ರ ಜುಲೈ 31ರಂದು ಗೋವಾದಲ್ಲಿ ಹುಟ್ಟಿದರು. ತಂದೆ ಧರ್ಮಾನಂದ ಕೋಸಂಬಿ ಪಾಲಿ ಭಾಷೆ ಮತ್ತು ಬೌದ್ಧ ಧರ್ಮದ ದೊಡ್ಡ ವಿದ್ವಾಂಸರು. ವಿಸುದ್ಧಿಮಗ್ಗ ಎಂಬ ಪಾಲಿ ಗ್ರಂಥದ ಸಂಪಾದನೆಗಾಗಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವರನ್ನು ಅಮೆರಿಕಕ್ಕೆ ಕರೆಸಿಕೊಂಡಿತ್ತು. 1918ರಲ್ಲಿ ಅವರು ಹೋಗುವಾಗ ಮಗನನ್ನೂ ಕರೆದುಕೊಂಡು ಹೋದರು. ಹುಡುಗ ಅಲ್ಲಿಯ ಶಾಲೆಯಲ್ಲಿ ಓದಿ, 1929ರಲ್ಲಿ ಹಾರ್ವರ್ಡ್‌ನಿಂದ ಉನ್ನತ ದರ್ಜೆಯಲ್ಲಿ ಪದವಿ ಪಡೆದ. ಹಸ್ತಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವ ಕೆಲಸ ಮನೆಯದೇ ಆಗಿದ್ದರೂ ಮಗ ಹಿಡಿದದ್ದು ಗಣಿತದ ದಾರಿಯನ್ನು.

ಭಾರತಕ್ಕೆ ಮರಳಿದ ಮೇಲೆ ಮೊದಲು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ, ಆಮೇಲೆ 1931ರಿಂದ ಅಲಿಗಢದಲ್ಲಿ ಪಾಠ ಮಾಡಿದರು. ಅಲಿಗಢಕ್ಕೆ ಅವರನ್ನು ಕರೆಸಿದವರು ಫ್ರಾನ್ಸಿನ ತರುಣ ಗಣಿತಜ್ಞ ಆಂದ್ರೆ ವೇಯ್. ಅಲ್ಲಿಂದ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಬಂದು 1945ರವರೆಗೆ ಗಣಿತ ಬೋಧಿಸಿದರು. 1934ರಲ್ಲಿ ಅವರಿಗೆ ರಾಮಾನುಜನ್ ಹೆಸರಿನ ಬಹುಮಾನ ಸಿಕ್ಕಿತು.

ಅವರ ರೇಖಾಗಣಿತ ಏನು ಎಂಬುದನ್ನು ಹತ್ತನೆಯ ತರಗತಿಯ ನಿರ್ದೇಶಾಂಕ ರೇಖಾಗಣಿತದ ಪಾಠದಿಂದಲೇ ವಿವರಿಸಬಹುದು. (1, 2) ಮತ್ತು (4, 6) ಎಂಬ ಎರಡು ಬಿಂದುಗಳನ್ನು ತೆಗೆದುಕೊಳ್ಳಿ. ಅವುಗಳ ನಡುವಿನ ದೂರ 5. ಈಗ ಮೂಲಬಿಂದುವನ್ನು ಬೇರೆ ಕಡೆ ಇಟ್ಟರೆ ಅದೇ ಬಿಂದುಗಳು (11, –3) ಮತ್ತು (14, 1) ಆಗಬಹುದು. ನಾಲ್ಕು ಸಂಖ್ಯೆಗಳೂ ಬದಲಾದವು, ಆದರೆ ದೂರ ಈಗಲೂ 5. ಸಂಖ್ಯೆಗಳು ನಾವು ಆರಿಸಿಕೊಂಡ ಅಕ್ಷಗಳಿಗೆ ಸೇರಿದವು. ದೂರ ಬಿಂದುಗಳಿಗೇ ಸೇರಿದ್ದು. ಕೋಸಂಬಿಯವರು ಇದೇ ವಿಚಾರವನ್ನು ಬಹಳ ಎತ್ತರದ ಮಟ್ಟದಲ್ಲಿ ಹಿಡಿದರು. ಅವಕಲ ಸಮೀಕರಣಗಳು ಒಂದು ಕ್ಷೇತ್ರದಲ್ಲಿ ಪಥಗಳನ್ನು ಕೊಡುತ್ತವೆ. ನಿರ್ದೇಶಾಂಕಗಳನ್ನು ಹೇಗೆ ಬದಲಿಸಿದರೂ ಆ ಪಥಗಳಲ್ಲಿ ಬದಲಾಗದೆ ಉಳಿಯುವ ಗುಣಗಳು ಯಾವುವು ಎಂಬುದು ಅವರ ಪ್ರಶ್ನೆ. 1933ರಲ್ಲಿ ಜರ್ಮನಿಯ ಪ್ರಸಿದ್ಧ ಗಣಿತ ಪತ್ರಿಕೆಯೊಂದರಲ್ಲಿ ಅವರ ಲೇಖನ ಬಂತು. ಹಿರಿಯ ಗಣಿತಜ್ಞ ಎಲೀ ಕಾರ್ಟಾನ್ ಅದೇ ವಿಷಯವನ್ನು ಮುಂದುವರಿಸಿ ಬರೆದರು; ಆಮೇಲೆ ಚೀನಾದ ಚರ್ನ್ ಕೂಡ ಬರೆದರು. ಇಂದಿಗೂ ಆ ಸಿದ್ಧಾಂತಕ್ಕೆ ಕೋಸಂಬಿ–ಕಾರ್ಟಾನ್–ಚರ್ನ್ ಎಂದೇ ಹೆಸರು.

ಕರ್ತೃತ್ವದ ವಿಷಯ ಅವರ ಬದುಕಿನಲ್ಲಿ ಮೊದಲು ಬಂದದ್ದು ತಮಾಷೆಯ ರೂಪದಲ್ಲಿ. ವೇಯ್ ಅವರ ಸಲಹೆಯಂತೆ ಕೋಸಂಬಿಯವರು 1931ರಲ್ಲಿ ಒಂದು ಗಣಿತ ಟಿಪ್ಪಣಿ ಪ್ರಕಟಿಸಿದರು. ಅದರಲ್ಲಿ ಒಂದು ಪ್ರಮೇಯವನ್ನು ಡಿ. ಬೂರ್ಬಾಕಿ ಎಂಬ ರಷ್ಯದ ಗಣಿತಜ್ಞನ ಹೆಸರಿಗೆ ಕಟ್ಟಿದರು. ಅಂಥ ಮನುಷ್ಯ ಇರಲೇ ಇಲ್ಲ. ಕೆಲವು ವರ್ಷಗಳ ನಂತರ ವೇಯ್ ಮತ್ತು ಅವರ ಫ್ರೆಂಚ್ ಗೆಳೆಯರು ಬೂರ್ಬಾಕಿ ಎಂಬ ಹೆಸರಿನಲ್ಲೇ ಒಟ್ಟಾಗಿ ಬರೆದ ಗಣಿತ ಗ್ರಂಥಗಳು ಜಗತ್ತಿಗೆಲ್ಲ ಹೋದವು. ಆ ಟಿಪ್ಪಣಿಯಲ್ಲಿದ್ದ ಕರ್ತೃ ಸುಳ್ಳು, ಗಣಿತ ಮಾತ್ರ ಗಟ್ಟಿ. ಪ್ರಮೇಯ ನಿಲ್ಲುವುದು ಸಾಧನೆಯ ಬಲದ ಮೇಲೆ, ಬರೆದವರ ಹೆಸರಿನ ಮೇಲಲ್ಲ ಎಂದು ಗಣಿತದಲ್ಲಿ ಧೈರ್ಯವಾಗಿ ಹೇಳಬಹುದು. ಸಾಹಿತ್ಯದಲ್ಲಿ, ಇತಿಹಾಸದಲ್ಲಿ ಹಾಗಲ್ಲ. ಅಲ್ಲಿ ಹೆಸರೇ ಎಷ್ಟೋ ಸಲ ಸಾಕ್ಷಿಯ ಜಾಗದಲ್ಲಿ ಬಂದು ಕೂತುಬಿಡುತ್ತದೆ.

ಪುಣೆಯಲ್ಲಿದ್ದಾಗ ಕೋಸಂಬಿಯವರು ಸಂಸ್ಕೃತವನ್ನು ಗಟ್ಟಿ ಮಾಡಿಕೊಳ್ಳಲು ಭರ್ತೃಹರಿಯನ್ನು ಆರಿಸಿಕೊಂಡರು. ಆಗ ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ ವಿ. ಎಸ್. ಸುಕ್ಥಣ್ಕರ್ ಅವರ ಮುಂದಾಳುತನದಲ್ಲಿ ಮಹಾಭಾರತದ ಪರಿಷ್ಕೃತ ಆವೃತ್ತಿ ಸಿದ್ಧವಾಗುತ್ತಿತ್ತು. ಸುಕ್ಥಣ್ಕರ್ ಅವರೂ ಕೇಂಬ್ರಿಜ್‌ನಲ್ಲಿ ಗಣಿತ ಓದಿ ಸಂಸ್ಕೃತಕ್ಕೆ ಬಂದವರು. ಅವರ ಗ್ರಂಥಸಂಪಾದನೆಯ ಶಿಸ್ತು ಕೋಸಂಬಿಯವರಿಗೆ ಮಾದರಿಯಾಯಿತು.

ಭರ್ತೃಹರಿಯ ನೀತಿ, ಶೃಂಗಾರ, ವೈರಾಗ್ಯ ಶತಕಗಳು ನಮಗೆಲ್ಲ ಗೊತ್ತು. ಶತಕ ಎಂದರೆ ನೂರು ಪದ್ಯ. ಮೂರು ಸೇರಿ ಮುನ್ನೂರು ಇರಬೇಕು. ಹಸ್ತಪ್ರತಿಗಳನ್ನು ಬಿಚ್ಚಿ ನೋಡಿದರೆ ಲೆಕ್ಕ ಕೂಡುವುದಿಲ್ಲ. ಒಂದರಲ್ಲಿ ಇರುವ ಪದ್ಯ ಇನ್ನೊಂದರಲ್ಲಿ ಇಲ್ಲ. ಒಂದು ಪ್ರತಿಯಲ್ಲಿ ನೀತಿಶತಕದಲ್ಲಿದ್ದದ್ದು ಬೇರೊಂದರಲ್ಲಿ ವೈರಾಗ್ಯಶತಕದಲ್ಲಿ ಸಿಗುತ್ತದೆ. ಉತ್ತರದ ಪರಂಪರೆಯ ಕ್ರಮ ಒಂದು ತರಹ, ದಕ್ಷಿಣದ್ದು ಇನ್ನೊಂದು ತರಹ. ಕೋಸಂಬಿಯವರು 377 ಹಸ್ತಪ್ರತಿಗಳನ್ನು ಆಧಾರವಾಗಿ ಇಟ್ಟುಕೊಂಡು 1948ರಲ್ಲಿ ತಮ್ಮ ಪರಿಷ್ಕೃತ ಆವೃತ್ತಿಯನ್ನು ಹೊರತಂದರು. ಎಲ್ಲ ಪರಂಪರೆಗಳಲ್ಲೂ ಸಾಮಾನ್ಯವಾಗಿ ಉಳಿದು ಬಂದ 200 ಪದ್ಯಗಳು ಮೊದಲ ಗುಂಪು. ಸಂದೇಹಕ್ಕೆ ಎಡೆ ಇರುವ 152 ಪದ್ಯಗಳು ಎರಡನೆಯದು. ಅಲ್ಲಲ್ಲಿ ಮಾತ್ರ ಕಾಣಿಸುವ 500 ಪದ್ಯಗಳು ಮೂರನೆಯದು. ನಾನು ಇದನ್ನು ತರಗತಿಯಲ್ಲಿ ವಿವರಿಸುವಾಗ ಕರಿಹಲಗೆಯ ಮೇಲಿನ ಆ ದೂರ 5ನ್ನೇ ತೋರಿಸುತ್ತೇನೆ. ಅಕ್ಷ ಬದಲಾದಾಗ ಉಳಿಯುವುದು ಯಾವುದು, ಪರಂಪರೆ ಬದಲಾದಾಗ ಉಳಿಯುವುದು ಯಾವುದು ಎಂದು ಕೇಳುತ್ತೇನೆ.

ಈ ಕೆಲಸದಲ್ಲಿ ಮುಖ್ಯವಾದ ಎರಡು ಎಚ್ಚರಗಳಿವೆ. ಮೊದಲನೆಯದು, ಪ್ರತಿಗಳನ್ನು ಬರೀ ಎಣಿಸಿದರೆ ಸಾಲದು. ಒಂದೇ ಓಲೆಗರಿಯನ್ನು ನೋಡಿ ನೂರು ಜನ ನಕಲು ಮಾಡಿದ್ದರೆ ಸಾಕ್ಷಿ ನೂರಲ್ಲ, ಒಂದೇ. ಯಾವ ಪ್ರತಿ ಯಾವುದರಿಂದ ಬಂತು ಎಂಬ ವಂಶಾವಳಿ ತಿಳಿಯಬೇಕು. ಎರಡನೆಯದು, ಸಿಕ್ಕಿದ್ದನ್ನು ಎಷ್ಟು ಸಿಕ್ಕಿದೆಯೋ ಅಷ್ಟೇ ಹೇಳಬೇಕು. ಆ 200 ಪದ್ಯಗಳು ಹಳೆಯ ಸಂಗ್ರಹದ ತಿರುಳು ಎಂದು ಹಸ್ತಪ್ರತಿಗಳು ಹೇಳುತ್ತವೆ. ಬರೆದ ಕೈ ಯಾವುದು ಎಂದು ಹೇಳುವುದಿಲ್ಲ. ಅದಕ್ಕೇ ಕೋಸಂಬಿಯವರು ಪುಸ್ತಕದ ಹೆಸರಿನಲ್ಲೇ ಇವು ಭರ್ತೃಹರಿಗೆ ಆರೋಪಿತವಾದ ಪದ್ಯಗಳು ಎಂಬ ಅರ್ಥ ಬರುವಂತೆ ಇಟ್ಟರು. ರಾಜ್ಯ ಬಿಟ್ಟು ಹೋದ ರಾಜನ ಕಥೆ ಜನರ ಬಾಯಲ್ಲಿ ಇತ್ತು. ಆದರೆ ಪದ್ಯಗಳಲ್ಲಿ ಅವರಿಗೆ ಕಂಡದ್ದು ಧನಿಕರ ಬಾಗಿಲಲ್ಲಿ ನಿಂತು ಬೇಸತ್ತ ಒಬ್ಬ ಬಡ ಪಂಡಿತ.

ಇದೇ ಕಣ್ಣಿನಿಂದ ಅವರು ಇತಿಹಾಸವನ್ನೂ ನೋಡಿದರು. ಹಳೆಯ ಮುದ್ರಾಂಕಿತ ಬೆಳ್ಳಿ ನಾಣ್ಯಗಳನ್ನು ಒಂದೊಂದಾಗಿ ತೂಗಿ, ಕೈಯಿಂದ ಕೈಗೆ ಹೋಗಿ ಎಷ್ಟು ಸವೆದಿವೆ ಎಂಬ ಸಂಖ್ಯಾಶಾಸ್ತ್ರದಿಂದ ಅವುಗಳ ಹಿಂದುಮುಂದು ಗೊತ್ತುಮಾಡಿದರು. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ನಡೆದಾಡಿ ಗ್ರಾಮದೇವತೆಗಳ ಕಟ್ಟೆ, ಹಳೆಯ ಕಾಲುದಾರಿ, ಕಲ್ಲಿನ ಚೂರುಗಳನ್ನು ಗಮನಿಸಿದರು. 1956ರಲ್ಲಿ ಬಂದ ಅವರ ಭಾರತೀಯ ಇತಿಹಾಸದ ಅಧ್ಯಯನ ಗ್ರಂಥ, ರಾಜರ ಹೆಸರಿನ ಪಟ್ಟಿಯಿಂದ ಬೇಸಾಯ, ಉಪಕರಣ, ದುಡಿಯುವ ಜನರ ಕಡೆಗೆ ಇತಿಹಾಸಕಾರರ ಗಮನ ತಿರುಗಿಸಿತು.

ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. ಹೋಮಿ ಭಾಭಾ ಅವರ ಕರೆಯ ಮೇರೆಗೆ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಸೇರಿದ್ದರು. ಪುಣೆಯಿಂದ ರೈಲಿನಲ್ಲಿ ಓಡಾಡುತ್ತಿದ್ದರು. 1959ರಲ್ಲಿ ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ, ಗಣಿತದ ಅತಿ ಕಠಿಣ ಸಮಸ್ಯೆಗಳಲ್ಲಿ ಒಂದಾದ ರೀಮಾನ್ ಊಹೆಗೆ ಸಾಧನೆ ಕೊಟ್ಟಿರುವುದಾಗಿ ಪ್ರಕಟಿಸಿದರು. ಸಂಭವನೀಯತೆಯ ಮೇಲೆ ಕಟ್ಟಿದ ಆ ವಾದವನ್ನು ಗಣಿತಜ್ಞರು ಒಪ್ಪಲಿಲ್ಲ. ಆ ಸಮಸ್ಯೆ ಇವತ್ತಿಗೂ ಬಿಡಿಸದೆ ಉಳಿದಿದೆ. ಭಾಭಾ ಅವರೊಂದಿಗೆ ಮೊದಲೇ ಭಿನ್ನಾಭಿಪ್ರಾಯಗಳಿದ್ದವು. 1962ರಲ್ಲಿ ಸಂಸ್ಥೆ ಅವರ ಸೇವೆಯನ್ನು ಮುಂದುವರಿಸಲಿಲ್ಲ. ಆಮೇಲಿನ ಕೆಲವು ಗಣಿತ ಲೇಖನಗಳನ್ನು ಅವರು ಎಸ್. ಡುಕ್ರೇ ಎಂಬ ಹುಸಿ ಹೆಸರಿನಲ್ಲಿ ಪ್ರಕಟಿಸಿದರು. ಯೌವನದಲ್ಲಿ ತಮಾಷೆಗೆ ಇಲ್ಲದ ಕರ್ತೃವನ್ನು ಹುಟ್ಟಿಸಿದವರು ಕೊನೆಗೆ ತಾವೇ ಬೇರೆ ಹೆಸರಿನ ಹಿಂದೆ ನಿಂತರು. 1966ರ ಜೂನ್ 29ರಂದು ಪುಣೆಯಲ್ಲಿ ತೀರಿಕೊಂಡಾಗ ಅವರಿಗೆ 58 ವರ್ಷ.

ಈ ಭಾಗವನ್ನು ನಾನು ಬಿಟ್ಟು ಹೇಳುವುದಿಲ್ಲ. ಇದನ್ನು ಬಿಟ್ಟರೆ ಕೋಸಂಬಿ ಎಂಬ ಹೆಸರೂ ಪ್ರಮಾಣವಾಗಿಬಿಡುತ್ತದೆ. ಅವರು ಹೇಳಿದ್ದೆಲ್ಲ ಸರಿ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಪಥಗಳ ರೇಖಾಗಣಿತ ಉಳಿದದ್ದೂ ರೀಮಾನ್ ಊಹೆಯ ಸಾಧನೆ ಬಿದ್ದದ್ದೂ ಒಂದೇ ಕಾರಣಕ್ಕೆ: ಬೇರೆಯವರು ಪರೀಕ್ಷಿಸಿ ನೋಡಿದರು.

ರಾಯಚೂರು ಜಿಲ್ಲೆಯ ತರಗತಿಗಳಲ್ಲಿ ಈ ಪರೀಕ್ಷೆಗೆ ಸಾಮಗ್ರಿ ಹೊರಗಿನಿಂದ ತರಬೇಕಾಗಿಲ್ಲ. ಗಣಿತ ಪಾಠಕ್ಕೆ ಜಿಲ್ಲೆಯ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ ಇಳಿಸಿಕೊಳ್ಳಿ. ಮೊದಲು ರಾಯಚೂರನ್ನು ಮೂಲಬಿಂದು ಮಾಡಿ ದೇವದುರ್ಗ, ಮಾನ್ವಿಗಳ ನಿರ್ದೇಶಾಂಕ ಬರೆಸಿ, ಅವೆರಡರ ನಡುವಿನ ದೂರ ಕಂಡುಹಿಡಿಸಿ. ಆಮೇಲೆ ದೇವದುರ್ಗವನ್ನೇ ಮೂಲಬಿಂದು ಮಾಡಿ ಮತ್ತೆ ಲೆಕ್ಕ ಹಾಕಿಸಿ. ತಮ್ಮ ಊರು (0, 0) ಆದಾಗ ಮಕ್ಕಳಿಗೆ ಬರುವ ಖುಷಿಯೇ ಬೇರೆ. ದೂರ ಬದಲಾಗದ್ದನ್ನು ಅವರೇ ಕಂಡು ಹೇಳುತ್ತಾರೆ.

ಭಾಷಾ ಪಾಠಕ್ಕೆ ದಾಸ ಸಾಹಿತ್ಯ ಇದೆ. ಮಾನ್ವಿಯ ಜಗನ್ನಾಥದಾಸರು, ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು ನಮ್ಮ ನೆಲದವರೇ. ಜಗನ್ನಾಥವಿಠಲ, ವಿಜಯವಿಠಲ, ಗೋಪಾಲವಿಠಲ ಎಂಬ ಅಂಕಿತದಿಂದ ಹಾಡು ಯಾರದೆಂದು ಗುರುತಿಸುತ್ತೇವೆ. ಅಂಕಿತ ಒಳ್ಳೆಯ ಸಾಕ್ಷಿ. ಆದರೆ ಬಾಯಿಂದ ಬಾಯಿಗೆ ಬಂದ ಹಾಡಿನಲ್ಲಿ ಅಂಕಿತ ಒಂದನ್ನೇ ನಂಬಿದರೆ ಸಾಕೇ, ಬೇರೆ ಪ್ರತಿಗಳು, ಭಾಷೆ, ಛಂದಸ್ಸು ಏನು ಹೇಳುತ್ತವೆ ಎಂದು ಕೇಳಿಸಬಹುದು. ಸಮಾಜ ವಿಜ್ಞಾನದವರಿಗೆ ಮಸ್ಕಿ ಇದೆ. ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡ ಶಾಸನಗಳ ರಾಜ ಅಶೋಕನೇ ಎಂದು ವಿದ್ವಾಂಸರು ಬೌದ್ಧ ಗ್ರಂಥಗಳಿಂದ ಊಹಿಸಿದ್ದರು. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದ್ದದ್ದರಿಂದ ಆ ಊಹೆಗೆ ಕಲ್ಲಿನ ಆಧಾರ ದೊರೆಯಿತು.

ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಹಲಗೆಯ ಮೇಲೆ ದಿನಕ್ಕೊಂದು ನುಡಿ ಬರೆಯುವ ರೂಢಿ ಇದೆ. ಕೆಳಗೆ ಒಬ್ಬ ದೊಡ್ಡವರ ಹೆಸರು ಇರುತ್ತದೆ. ಮೊಬೈಲಿನಿಂದ ಮೊಬೈಲಿಗೆ ಬಂದ ಆ ಹೆಸರು ಎಷ್ಟು ಹಲಗೆಗಳ ಮೇಲಿದ್ದರೂ ನಕಲು ಮಾಡಿದ ಒಂದೇ ಓಲೆಗರಿಗೆ ಸಮ. ಈ ಸಲದ ಅಭ್ಯಾಸ ಬೋಧನೆಯಲ್ಲಿ ಒಂದು ಗಣಿತದವರು, ಒಂದು ಭಾಷೆಯವರು ಹೀಗೆ ಜೋಡಿಯಾಗಿ, ಒಂದು ವಾರದ ಆ ನುಡಿಗಳನ್ನು ಮಕ್ಕಳ ಜೊತೆ ಕೂತು ಪರೀಕ್ಷಿಸಿ. ಯಾವ ಪುಸ್ತಕದಲ್ಲಿದೆ ಎಂದು ತೋರಿಸಲು ಆದದ್ದಕ್ಕೆ ಮಾತ್ರ ಹೆಸರು ಬರೆಸಿ, ಆಗದ್ದಕ್ಕೆ ಕರ್ತೃ ತಿಳಿದಿಲ್ಲ ಎಂದು ಬರೆಸಿ. ಆ ಪಟ್ಟಿಯನ್ನು ನಿಮ್ಮ ಪಾಠಯೋಜನೆಯ ದಾಖಲೆಗೆ ಲಗತ್ತಿಸಿ ಕೊಟ್ಟರೆ ಅದನ್ನೂ ಒಂದು ಪಾಠವೆಂದೇ ನಾನು ವೀಕ್ಷಿಸುತ್ತೇನೆ.