ಕಪ್ತಾನ ಹರ್ನ್‌ಡನ್ನನ ಚರಿತ್ರೆ

ಮೈಸೂರಿನ ಕೆಸರೆಯಂಥ ಸ್ಥಳಗಳಲ್ಲಿ ವಾಸಿಸುವ ನಮ್ಮ ವಾಚಕರಲ್ಲಿ ಅನೇಕರು ಸಮುದ್ರವನ್ನು ಕಂಡವರಲ್ಲ. ಆದರೂ 1888ರಲ್ಲಿ ವೈತರಣಾ ಎಂಬ ಹೊಗೆಹಡಗು ಕಾಠಿಯಾವಾಡದ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ, ಪ್ರಯಾಣಿಕರೆಲ್ಲರೊಡನೆ ಕಾಣದೆಹೋದದ್ದನ್ನು ಕೆಲವರು ಕೇಳಿರಬಹುದು. ಅದಕ್ಕೆ 31 ವರುಷಗಳ ಮುಂಚೆ ಅಮೇರಿಕಾ ದೇಶದ ಬಳಿ ಇಂಥದೇ ವಿಪತ್ತಿನಲ್ಲಿ ಪ್ರಾಣಕೊಟ್ಟ ಒಬ್ಬನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ವಿಲಿಯಂ ಲೂಯಿಸ್ ಹರ್ನ್‌ಡನ್ ಎಂಬವನು 1813ರಲ್ಲಿ ವರ್ಜೀನಿಯಾ ಸೀಮೆಯ ಫ್ರೆಡರಿಕ್ಸ್‌ಬರ್ಗ್ ಎಂಬ ಊರಲ್ಲಿ ಹುಟ್ಟಿ, 15ನೆಯ ವಯಸ್ಸಿನಲ್ಲಿ ನೌಕಾದಳವನ್ನು ಸೇರಿದನು. 1851ರಲ್ಲಿ ಸರಕಾರದ ಅಪ್ಪಣೆಯ ಮೇರೆಗೆ ಪೆರು ದೇಶದ ಲೀಮಾ ಪಟ್ಟಣದಿಂದ ಹೊರಟು, ಎತ್ತರವಾದ ಆಂಡೀಸ್ ಪರ್ವತಗಳನ್ನು ದಾಟಿ, ಅಮೆಜಾನ್ ನದಿಯನ್ನು ಹಿಡಿದು 1852ರಲ್ಲಿ ಸಮುದ್ರತೀರವನ್ನು ಮುಟ್ಟಿದನು. ಆ ಪ್ರಯಾಣದ ವರ್ತಮಾನವನ್ನು ಅವನು ಬರೆದ ಪುಸ್ತಕದಿಂದ ಅವನ ಹೆಸರು ಪ್ರಸಿದ್ಧವಾಯಿತು.

ತರುವಾಯ ಅವನು ಸೆಂಟ್ರಲ್ ಅಮೇರಿಕಾ ಎಂಬ ಹೊಗೆಹಡಗಿನ ಕಪ್ತಾನನಾದನು. 1857ನೆಯ ಸೆಪ್ಟೆಂಬರ್ 8ರಂದು ಆ ಹಡಗು ಕಾಲಿಫೋರ್ನಿಯಾದಿಂದ ಬಂದ ಜನರನ್ನೂ ಬಹಳ ಬಂಗಾರವನ್ನೂ ಹೊತ್ತು ಹವಾನಾ ರೇವಿನಿಂದ ನ್ಯೂಯಾರ್ಕಿಗೆ ಹೊರಟಿತು. ಅದರಲ್ಲಿ ಸುಮಾರು 580 ಜನರಿದ್ದರು. ಮರುದಿನವೇ ಬಿರುಗಾಳಿ ಎದ್ದಿತು. 11ರಂದು ಹಡಗಿನೊಳಗೆ ನೀರು ನುಗ್ಗಿ ಒಲೆಗಳ ಬೆಂಕಿಯನ್ನು ಆರಿಸಿತು. ಬೆಂಕಿ ಆರಿದ ಮೇಲೆ ಉಗಿ ಇಲ್ಲ. ಉಗಿ ಇಲ್ಲದೆ ಚಕ್ರಗಳು ತಿರುಗಲಿಲ್ಲ. ಹಡಗು ಅಲೆಗಳಿಗೆ ಪಕ್ಕೆಯೊಡ್ಡಿ ಹೊರಳಾಡಿತು. ಗಂಡಸರೆಲ್ಲರೂ ಸಾಲಾಗಿ ನಿಂತು, ಹಗಲಿರುಳು ಬಕೇಟುಗಳಿಂದ ನೀರನ್ನು ಎತ್ತಿ ಹೊರಗೆ ಚೆಲ್ಲಿದರು. ಐಶ್ವರ್ಯವಂತನೂ ಕೂಲಿಯವನೂ ಆ ಸಾಲಿನಲ್ಲಿ ಒಂದೇ ಆದರು.

12ರ ಮಧ್ಯಾಹ್ನ ಮರೀನ್ ಎಂಬ ಹಾಯಿಹಡಗು ಸಮೀಪಕ್ಕೆ ಬಂತು. ಅದೂ ಗಾಳಿಯಿಂದ ಜಖಂಗೊಂಡಿತ್ತು. ದೋಣಿಗಳು ಕೆಲವೇ ಇದ್ದದರಿಂದ ಹೆಂಗಸರೂ ಮಕ್ಕಳೂ ಮೊದಲು ಹೋಗಬೇಕೆಂದು ಕಪ್ತಾನನು ಅಪ್ಪಣೆಮಾಡಿದನು. ಅವರೆಲ್ಲರೂ ಆ ಹಡಗನ್ನು ಸೇರಿದರು. ಅವನಿಗೂ ಮನೆಯಲ್ಲಿ ಹೆಂಡತಿಯೂ ಮಗಳೂ ಇದ್ದರು. ಆದರೂ ಅವನು ದೋಣಿ ಹತ್ತಲಿಲ್ಲ. ತನ್ನ ಗಡಿಯಾರವನ್ನು ಹೆಂಡತಿಗೆ ಮುಟ್ಟಿಸುವಂತೆ ಹೊರಟವನೊಬ್ಬನ ಕೈಗೆ ಕೊಟ್ಟು, ಅಧಿಕಾರದ ಉಡುಪನ್ನು ಧರಿಸಿ, ತನ್ನ ಸ್ಥಳದಲ್ಲಿ ನಿಂತನು. ರಾತ್ರಿ ಸುಮಾರು 8 ಘಂಟೆಗೆ ಹಡಗು ಮುಳುಗಿತು. ನೀರಿನಲ್ಲಿ ತೇಲುತ್ತಿದ್ದ ಸುಮಾರು 50 ಮಂದಿಯನ್ನು ಎಲೆನ್ ಎಂಬ ಇನ್ನೊಂದು ಹಡಗು ಎತ್ತಿಕೊಂಡಿತು. ಸುಮಾರು 425 ಜನರು ಸತ್ತರು. ಕಪ್ತಾನನೂ ಅವರಲ್ಲಿ ಒಬ್ಬನು.

ಅನಾಪೊಲಿಸಿನ ನೌಕಾವಿದ್ಯಾಶಾಲೆಯಲ್ಲಿ ಅವನ ಜ್ಞಾಪಕಾರ್ಥವಾಗಿ ನಿಲ್ಲಿಸಿದ ಕಲ್ಲುಕಂಬವು ಈಗಲೂ ಇದೆ. ಅವನ ಮಗಳಾದ ಎಲೆನಳು 1859ರಲ್ಲಿ ಚೆಸ್ಟರ್ ಆರ್ಥರ್ ಎಂಬವನನ್ನು ಮದುವೆಯಾದಳು. ಆತನು 1881ರಲ್ಲಿ ಆ ದೇಶದ ಅಧ್ಯಕ್ಷನಾದನು, ಆದರೆ ಆಕೆ ಅದನ್ನು ಕಾಣದೆ ಹಿಂದಿನ ವರುಷವೇ ತೀರಿಹೋದಳು. 1988ರಲ್ಲಿ ಸುಮಾರು 7,000 ಅಡಿಗಳ ಆಳದಲ್ಲಿ ಹಡಗನ್ನು ಕಂಡುಹಿಡಿದು ಬಂಗಾರವನ್ನು ಮೇಲಕ್ಕೆ ತಂದರು. ಬಂಗಾರಕ್ಕೆ ಹಕ್ಕುದಾರರು ಬಹಳ ಮಂದಿ ಎದ್ದರು, ನ್ಯಾಯಸ್ಥಾನಗಳಲ್ಲಿ ವ್ಯಾಜ್ಯಗಳು ನಡೆದವು. ಆ ಸಾಯಂಕಾಲ ದೋಣಿಯಲ್ಲಿ ದಾಟಿದ ಮಕ್ಕಳಾದರೋ ಬೆಳೆದು ತಮ್ಮ ಮನೆಗಳನ್ನು ಕಟ್ಟಿಕೊಂಡರು. ಅವನು ಕಾಯ್ದ ಸೊತ್ತು ಅದೇ ಎಂದು ನಾವು ಎಣಿಸುತ್ತೇವೆ.